ಎಡಗಡೆ ನೋಡದ ವರ್ಷಗಳು

ಕಣ್ಣಾಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಪೆನ್ನು ಹಿಡಿಯುವುದನ್ನು ಕಲಿಸುತ್ತಾರೆ. ಬರೆಯುವುದಕ್ಕಲ್ಲ. ಎದುರು ಕೂತವರ ಮುಖದಿಂದ ಒಂದು ಮೊಳ ದೂರದಲ್ಲಿ ಪೆನ್ನಿನ ತುದಿ ಎತ್ತಿ ಹಿಡಿದು, ‘ತಲೆ ಅಲ್ಲಾಡಿಸಬೇಡಿ, ಕಣ್ಣು ಮಾತ್ರ ಇದರ ಹಿಂದೆ ಬರಲಿ’ ಎಂದು ಹೇಳಿ, ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ, ನಾಲ್ಕು ಮೂಲೆಗೆ ನಿಧಾನವಾಗಿ ಒಯ್ಯಬೇಕು. ಕಣ್ಣು ಎಲ್ಲಿ ತಡೆಯುತ್ತದೋ ಅದನ್ನು ಕಾರ್ಡಿನಲ್ಲಿ ಗುರುತು ಹಾಕಬೇಕು. ಕಣ್ಣು ತಡೆದರೆ ನರ ಸೋತಿರಬಹುದು, ಇಲ್ಲವೇ ಸ್ನಾಯು ಸೋತಿರಬಹುದು ಎಂದು ನಮ್ಮ ಪಠ್ಯದಲ್ಲಿತ್ತು. ಇನ್ನೊಂದು ಕಾರಣವೂ ಇರುತ್ತದೆ. ಅದನ್ನು ನಾನು ಪಠ್ಯದಿಂದ ಕಲಿಯಲಿಲ್ಲ. ಕಲಿಯುವುದಕ್ಕೆ ಆರೇಳು ವರ್ಷ ಹಿಡಿಯಿತು. ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಅಷ್ಟು ವರ್ಷ ಕಳೆಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮುಳಬಾಗಿಲಿನವನು. ತಾತನ ಕಾಲದವರೆಗೂ ಶಾನುಭೋಗಿಕೆ ಇದ್ದ ಮನೆ. ಬಿ.ಎಸ್ಸಿ. ಮುಗಿಸಿ, ನೇತ್ರ ಸಹಾಯಕರ ಡಿಪ್ಲೊಮಾ ಮಾಡಿ, ಕೋಲಾರದ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಗೆ ಸೇರಿದೆ. ಸೋಮವಾರ ಶ್ರೀನಿವಾಸಪುರ, ಬುಧವಾರ ಮುಳಬಾಗಿಲು, ಶುಕ್ರವಾರ ಮಾಲೂರು. ಶಿಬಿರ ಮಾಡುವುದು, ಪೊರೆ ಬಂದವರನ್ನು ವ್ಯಾನಿನಲ್ಲಿ ಕರೆತರುವುದು, ಆಪರೇಷನ್ ಆದ ಮೇಲೆ ಅವರವರ ಊರಿಗೆ ಬಿಟ್ಟುಬರುವುದು. ವ್ಯಾನ್ ಓಡಿಸುತ್ತಿದ್ದವನು ವೆಂಕಟರಮಣಪ್ಪ. ಹುತ್ತೂರಿನ ಕಡೆಯವನು, ನನ್ನ ಓರಗೆಯವನು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನಾನು ಅವನನ್ನು ರಮಣಪ್ಪ ಎನ್ನುತ್ತಿದ್ದೆ, ಅವನು ನನ್ನನ್ನು ‘ಸಾಮಿ’ ಎನ್ನುತ್ತಿದ್ದ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾಲೂರು ತಾಲ್ಲೂಕಿನ ಒಂದು ಹಳ್ಳಿದಾರಿಯಲ್ಲಿ ಕಾವಲಿಲ್ಲದ ರೈಲ್ವೆ ಗೇಟು ಇತ್ತು. ಗೇಟು ಎಂದರೆ ಎರಡು ಕಡೆ ಎರಡು ಕಲ್ಲುಕಂಬ, ಅಷ್ಟೇ. ಅಂಥ ಕಡೆ ವ್ಯಾನ್ ನಿಲ್ಲಿಸಿ, ಒಬ್ಬರು ಇಳಿದು, ಕಂಬಿಯ ತನಕ ನಡೆದುಹೋಗಿ ಎರಡೂ ಕಡೆ ನೋಡಿ ಕೈ ಬೀಸಬೇಕು. ನಮ್ಮ ವ್ಯಾನಿಗೆ ಕ್ಲೀನರ್ ಇರಲಿಲ್ಲವಾದ್ದರಿಂದ ಅದು ನನ್ನ ಕೆಲಸ. ಮೊದಲ ವರ್ಷ ಇಳಿದು ನೋಡಿದೆ. ಆಮೇಲೆ ಕೂತಲ್ಲಿಂದಲೇ ನೋಡತೊಡಗಿದೆ. ರಮಣಪ್ಪ ವೇಗ ತಗ್ಗಿಸಿ ಬಲಗಡೆ ನೋಡಿಕೊಂಡು ‘ಸಾಮಿ?’ ಎನ್ನುತ್ತಿದ್ದ. ನಾನು ಎಡಗಡೆ ನೋಡಿ ‘ಹೋಗು’ ಎನ್ನುತ್ತಿದ್ದೆ.

ಆ ಶುಕ್ರವಾರ ಮಧ್ಯಾಹ್ನ ಹಿಂದುಗಡೆ ಏಳು ಜನ ಇದ್ದರು. ಏಳೂ ಜನಕ್ಕೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೆ ಇನ್ನೂ ತೆಗೆಯದ ಪೊರೆ. ನಾನು ಮುಂದಿನ ಸೀಟಿನಲ್ಲಿ ಕೂತು, ಯಾರು ಯಾವ ಹೊತ್ತಿಗೆ ಔಷಧಿ ಬಿಟ್ಟುಕೊಳ್ಳಬೇಕೆಂದು ಅವರ ಕಾರ್ಡುಗಳಲ್ಲಿ ಬರೆಯುತ್ತಿದ್ದೆ. ರಮಣಪ್ಪ ‘ಸಾಮಿ?’ ಎಂದ. ನಾನು ತಲೆ ಎತ್ತದೆ ‘ಹೋಗು’ ಎಂದೆ.

ವ್ಯಾನು ಏರು ಹತ್ತಿ ಕಂಬಿಯ ಮೇಲೆ ಬಂದು, ಒಂದು ಸಲ ಕುಲುಕಿ, ಇಂಜಿನ್ ನಿಂತುಹೋಯಿತು. ಆಗ ಶಿಳ್ಳೆ ಕೇಳಿಸಿತು. ಎಡಗಡೆ ನೋಡಿದೆ. ರೈಲು ಓಡುತ್ತಿರುವ ಹಾಗೆ ಕಾಣಲಿಲ್ಲ, ನಿಂತಲ್ಲೇ ದೊಡ್ಡದಾಗುತ್ತಿರುವ ಹಾಗೆ ಕಂಡಿತು. ರಮಣಪ್ಪ ಕೀಲಿ ತಿರುಗಿಸಿದ. ಇಂಜಿನ್ ಕರಕರ ಎಂದು ಸುಮ್ಮನಾಯಿತು. ಹಿಂದಿನಿಂದ ಪಾಪಮ್ಮ ಎಂಬ ಮುದುಕಿ, ವ್ಯಾನು ನಿಂತದ್ದು ತಿಳಿದು, ತೆಲುಗಿನಲ್ಲಿ ಕೇಳಿದಳು: “ಊರೊಚ್ಚಿಂದಾ ನಾಯನಾ?” ಊರು ಬಂತಾ ಮಗನೇ ಎಂದು. ಮೂರನೆಯ ಸಲಕ್ಕೆ ಇಂಜಿನ್ ಹತ್ತಿತು. ವ್ಯಾನು ಹಾರಿದ ಹಾಗೆ ಇಳಿಜಾರಿಗೆ ಧುಮುಕಿತು. ಹಿಂದಿನ ಗಾಜುಗಳೆಲ್ಲ ಗಡಗಡ ನಡುಗಿದವು. ರೈಲು ನಮ್ಮ ಬೆನ್ನ ಹಿಂದೆ ಹಾದುಹೋಯಿತು.

ಹಿಂದೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಒಬ್ಬ ಯಜಮಾನ ರೇಗಿ, “ಏನ್ಲಾ ರಮಣಾ, ಮನುಷ್ಯರನ್ನ ತುಂಬ್ಕೊಂಡಿದೀಯೋ ಇಟ್ಟಿಗೆ ತುಂಬ್ಕೊಂಡಿದೀಯೋ?” ಎಂದ. ಎಲ್ಲರೂ ನಕ್ಕರು. ರೈಲಿನ ಸದ್ದು ಕೇಳಿದರೂ ಅದು ಎಷ್ಟು ಹತ್ತಿರ ಬಂದಿತ್ತೆಂದು ಅವರಿಗೆ ಗೊತ್ತಾಗಲಿಲ್ಲ. ಆ ವ್ಯಾನಿನಲ್ಲಿ ರೈಲು ನೋಡಿದವರು ನಾವಿಬ್ಬರೇ.

ಯಾರಿಗೂ ಗಾಯವಾಗಲಿಲ್ಲ. ನನಗೆ ತೊಂದರೆಯಾದದ್ದೇ ಅದರಿಂದ. ಕೈಕಾಲು ಮುರಿದಿದ್ದರೆ ನಾಲ್ಕು ಜನ ಬಂದು ವಿಚಾರಿಸುತ್ತಿದ್ದರು. ಇಲ್ಲಿ ಹೇಳಿಕೊಂಡರೆ, ‘ಏನೂ ಆಗಲಿಲ್ಲವಲ್ಲ, ಬಿಡಿ’ ಎನ್ನುತ್ತಿದ್ದರು. ಆದರೆ ನನ್ನ ತಲೆಯಲ್ಲಿ ರೈಲು ಹಾದುಹೋಗಿರಲೇ ಇಲ್ಲ. ಮುಖ ಕ್ಷೌರ ಮಾಡಿಕೊಳ್ಳುವಾಗ, ಅನ್ನ ಕಲಸುವಾಗ, ರೋಗಿಯ ಕಣ್ಣಿಗೆ ಪಟ್ಟಿ ಅಂಟಿಸುವಾಗ, ಅದು ಬರುತ್ತಿತ್ತು, ದೊಡ್ಡದಾಗುತ್ತಿತ್ತು, ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತು ಮತ್ತೆ ಮೊದಲಿನಿಂದ ಬರುತ್ತಿತ್ತು. ನಾನು ತಲೆ ಎತ್ತದೆ ‘ಹೋಗು’ ಎಂದದ್ದನ್ನು ಹೆಂಡತಿಗೂ ಹೇಳಲಿಲ್ಲ.

ರಮಣಪ್ಪ ಅಂದಿನಿಂದ ನನ್ನ ಮುಖ ನೋಡುವುದನ್ನು ಬಿಟ್ಟ. ಮಾತಾಡಿದರೂ ರಸ್ತೆ ನೋಡಿಕೊಂಡೇ ಮಾತಾಡುತ್ತಿದ್ದ. ನನ್ನ ತಪ್ಪು ಅವನಿಗೆ ಗೊತ್ತಾಗಿದೆ, ಸಿಟ್ಟಾಗಿದ್ದಾನೆ ಎಂದುಕೊಂಡು ನಾನು ಹಿಂದಿನ ಸೀಟಿಗೆ ಹೋದೆ. ಅವನು ಯಾಕೆಂದು ಕೇಳಲೂ ಇಲ್ಲ. ಮಾಲೂರಿನ ಹಳ್ಳಿಗಳಿಗೆ ರೈಲು ಕಂಬಿ ದಾಟದೆ ಹೋಗುವ ಸುತ್ತುದಾರಿಗಳನ್ನೆಲ್ಲ ಹುಡುಕಿಕೊಂಡ. ನಮ್ಮ ಮುಖ್ಯ ವೈದ್ಯರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ಅವರು ಒಮ್ಮೆ ಎಲ್ಲರ ಮುಂದೆ, “ಏನಯ್ಯ ರಮಣಪ್ಪ, ಮಾಲೂರಿಗೆ ಹೋಗೋಕೆ ಭೂಮಿ ಪ್ರದಕ್ಷಿಣೆ ಹಾಕಬೇಕಾ?” ಎಂದು ಕೇಳಿದರು. “ರೋಡು ಚೆನ್ನಾಗಿಲ್ಲ ಸಾರ್” ಎಂದ.

ಇನ್ನು ನನ್ನ ಕೆಲಸದ ದೊಡ್ಡ ಪ್ರಮಾದ. ಮುಳಬಾಗಿಲಿನ ಶಿಬಿರಕ್ಕೆ ಒಬ್ಬ ಮೇಷ್ಟ್ರು ಬಂದಿದ್ದರು. ಬೋರ್ಡಿನ ಮೇಲಿನ ಅಕ್ಷರ ಒಮ್ಮೊಮ್ಮೆ ಎರಡಾಗಿ ಕಾಣುತ್ತದೆ ಎಂದರು. ನಾನು ಪೆನ್ನು ಹಿಡಿದು ನೋಡಿ, ಕಣ್ಣಿನ ಚಲನೆ ಎಲ್ಲ ಕಡೆಗೂ ಸರಿ ಇದೆ ಎಂದು ಬರೆದೆ. ಎರಡು ವಾರದ ನಂತರ ಮೇಷ್ಟ್ರು ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಸೀದಾ ಕೋಲಾರಕ್ಕೆ ಬಂದರು. ದೊಡ್ಡ ಡಾಕ್ಟ್ರು ತಮ್ಮ ಪೆನ್ನನ್ನು ಮೇಷ್ಟ್ರ ಬಲಗಡೆಗೆ ಒಯ್ದರು. ಬಲಗಣ್ಣು ಅರ್ಧಕ್ಕೇ ನಿಂತಿತು. ಸಕ್ಕರೆ ಕಾಯಿಲೆಯಿಂದ ನರ ಸೋತಿತ್ತು. ಪುಣ್ಯಕ್ಕೆ ಕೆಲವು ತಿಂಗಳಲ್ಲಿ ಅದು ತಾನಾಗಿ ಸರಿಹೋಯಿತು. ಆದರೆ ಡಾಕ್ಟ್ರು ನನ್ನ ಹಳೆಯ ಕಾರ್ಡುಗಳ ಕಟ್ಟು ತರಿಸಿ ಮೇಜಿನ ಮೇಲೆ ಕುಕ್ಕಿದರು.

“ಏನ್ರೀ ಸೀತಾರಾಮ್, ಮೂರು ತಾಲ್ಲೂಕಲ್ಲಿ ಒಬ್ಬರಿಗೂ ಬಲಗಡೆ ತೊಂದರೆ ಇಲ್ವಾ? ಎಲ್ಲಾ ನಾರ್ಮಲ್ಲಾ?”

ಅಜಾಗರೂಕತೆ ಸಾರ್, ಕ್ಷಮಿಸಿ ಎಂದೆ. ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಹೀಗೆ ಆರೇಳು ವರ್ಷ ಕಳೆಯುವಷ್ಟರಲ್ಲಿ ವ್ಯಾನಿನ ಎಡಮೈಯೆಲ್ಲ ಗೀರುಬಿದ್ದಿತ್ತು. ಆಸ್ಪತ್ರೆಯ ಗೇಟಿಗೆ, ಸಂತೆಯ ಗಾಡಿಗಳಿಗೆ, ಹಸುವಿನ ಕೊಂಬಿಗೆ ಎಲ್ಲಕ್ಕೂ ಎಡಗಡೆಯೇ ಉಜ್ಜುತ್ತಿತ್ತು. ಡ್ರೈವರುಗಳಿಗೆ ಅದುವರೆಗೆ ಅಕ್ಷರದ ಚಾರ್ಟು ಓದಿಸಿ ಕಳಿಸುತ್ತಿದ್ದೆವು. ಆ ವರ್ಷ ದೊಡ್ಡ ಡಾಕ್ಟ್ರು ಕಣ್ಣಿನ ಚಲನೆಯನ್ನೂ ನೋಡಲು ಹೇಳಿದರು. ಕಣ್ಣು ಸರಿಯಿಲ್ಲದಿದ್ದರೆ ರಮಣಪ್ಪನನ್ನು ವ್ಯಾನಿನಿಂದ ಇಳಿಸಿ ಆಸ್ಪತ್ರೆಯ ಅಡುಗೆಮನೆಗೆ ಹಾಕುತ್ತೇನೆ ಎಂದರು.

ಕತ್ತಲೆಕೋಣೆಯಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ಅಷ್ಟು ವರ್ಷಗಳ ನಂತರ ಅವನು ನನ್ನ ಮುಖ ನೇರವಾಗಿ ನೋಡಿದ. ಪೆನ್ನನ್ನು ಅವನ ಎಡಕ್ಕೆ ಒಯ್ದೆ. ಕಣ್ಣು ಅರ್ಧ ದಾರಿ ಬಂದು, ರೆಪ್ಪೆ ಪಟಪಟ ಬಡಿದು, ವಾಪಸ್ಸು ಹೋಯಿತು. ಇನ್ನೊಮ್ಮೆ ಒಯ್ದೆ. ಹಾಗೇ ಆಯಿತು. ಮೂರನೆಯ ಸಲ ಅವನ ಹಣೆಯಲ್ಲಿ ಬೆವರು ಮೂಡಿತು.

“ಸಾಕು ಸಾಮಿ” ಎಂದ. “ಆ ಕಡೆ ನೋಡಿದ್ರೆ ಅದು ಬರ್ತೈತೆ. ನೀವು ಪಕ್ಕದಲ್ಲಿ ಕೂತಿದ್ರೆ ನಿಮ್ ತಲೆ ಹಿಂದಿಂದ ಬರ್ತೈತೆ. ಅದಕ್ಕೇ ನೋಡ್ತಿರಲಿಲ್ಲ. ನೀವು ಹಿಂದಕ್ಕೆ ಹೋಗಿ ಕೂತ್ಕೊಂಡ್ರಿ, ಒಳ್ಳೇದಾಯ್ತು ಅಂದ್ಕೊಂಡೆ.”

ಅಷ್ಟು ವರ್ಷ ನಾನು ಸಿಟ್ಟು ಎಂದುಕೊಂಡದ್ದು ಅದನ್ನು. ಕಾರ್ಡು ಎತ್ತಿಕೊಂಡೆ.

“ಇನ್ನೊಂದು ಮಾತು ಸಾಮಿ. ನನ್ನ ಎಡಕ್ಕೆ ಮೂರು ಸಲ ತಂದ್ರಿ. ಬಲಕ್ಕೆ ಒಂದ್ಸಲಾನೂ ಪೆನ್ನು ತರಲಿಲ್ಲವಲ್ಲ?”

ಎದುರು ಕೂತವರ ಬಲವೆಂದರೆ ನನ್ನ ಎಡ. ಪೆನ್ನು ಹಿಡಿದ ಕೈಯನ್ನು ನನ್ನ ಎಡಕ್ಕೆ ಒಯ್ಯಲು ನೋಡಿದೆ. ಮೂಗಿನ ನೇರಕ್ಕೆ ಬಂದು ಕೈ ನಿಂತಿತು. ಮೇಷ್ಟ್ರ ಮಂಡಿ ಯಾಕೆ ತರಚಿತು ಎಂದು ಅಂದು ಗೊತ್ತಾಯಿತು.

ಇಬ್ಬರೂ ದೊಡ್ಡ ಡಾಕ್ಟ್ರ ಮುಂದೆ ಹೋಗಿ ನಿಂತೆವು. ಬೈಗುಳಕ್ಕೆ ತಯಾರಾಗಿದ್ದೆ. ಅವರು ರಮಣಪ್ಪನ ಕಣ್ಣನ್ನು ತಾವೇ ಪರೀಕ್ಷಿಸಿ, “ನರ ಚೆನ್ನಾಗಿದೆ, ಸ್ನಾಯು ಚೆನ್ನಾಗಿದೆ. ಇದು ನನ್ನ ಇಲಾಖೆ ಅಲ್ಲ. ಒಂದು ತಿಂಗಳು ಟೈಮು ಕೊಡ್ತೀನಿ. ಅಷ್ಟರಲ್ಲಿ ಸರಿಹೋಗದಿದ್ರೆ ಸ್ಟೀರಿಂಗ್ ಬೇರೆಯವರಿಗೆ” ಎಂದರು. ಹೊರಗೆ ಬಂದ ಮೇಲೆ ರಮಣಪ್ಪ ಹೇಳಿದ: “ಅಡುಗೆಮನೇಲಿ ಈರುಳ್ಳಿ ಹೆಚ್ಚೋದಾದ್ರೆ ನಾನು ಊರಿಗೆ ಹೋಗ್ತೀನಿ ಸಾಮಿ. ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚೋಕೆ ಅಲ್ಲೂ ಕೆಲಸ ಐತೆ.”

ಗುರುವಾರ ಗುರುವಾರ ಬೆಂಗಳೂರಿನಿಂದ ಲಲಿತಾ ಮೇಡಂ ಬರುತ್ತಿದ್ದರು. ಮನಶ್ಶಾಸ್ತ್ರಜ್ಞೆ. ಕಣ್ಣು ಕಳೆದುಕೊಂಡವರಿಗೆ ಧೈರ್ಯ ಹೇಳುವುದು ಅವರ ಕೆಲಸವೆಂದು ನಾವು ತಿಳಿದಿದ್ದೆವು. ಅವರು ಮೊದಲೆಲ್ಲ ನಡೆದದ್ದನ್ನು ಬಾಯಿಬಿಟ್ಟು ಹೇಳಿಸುತ್ತಿದ್ದರು. ಅವರ ಹತ್ತಿರ ಹೋದ ರಮಣಪ್ಪ ಮೊದಲ ಗುರುವಾರ ಎರಡು ಸಲ ಹೇಳಿ ಎದ್ದುಬಿಟ್ಟ. “ಎಷ್ಟು ಸಲ ಅಂತ ಹೇಳಲಿ ಮೇಡಂ, ಹೇಳಿದಷ್ಟೂ ರೈಲು ಹತ್ರಾನೇ ಬರ್ತೈತೆ.” ಮೇಡಂ ನಕ್ಕು, ತಾವು ಬೆಂಗಳೂರಿನಲ್ಲಿ ಹೊಸದಾಗಿ ಕಲಿತ ಕ್ರಮವೊಂದಿದೆ, ಒಪ್ಪಿದರೆ ಮಾಡೋಣ ಎಂದರು. ಮುಂದಿನ ವಾರ ರಮಣಪ್ಪ, “ಸಾಮಿನೂ ಒಳಗಿರಲಿ, ನೋಡಿದೋರು ಅವರೊಬ್ಬರೇ” ಎಂದು ಹಟ ಹಿಡಿದ. ಮೇಡಂ ಸ್ವಲ್ಪ ಯೋಚಿಸಿ, ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ ನನ್ನನ್ನು ಮೂಲೆಯಲ್ಲಿ ಕೂರಿಸಿದರು.

ರೇಡಿಯೊದ ಆಂಟೆನಾದ ಹಾಗೆ ಎಳೆದರೆ ಉದ್ದವಾಗುವ ಕಡ್ಡಿ ಅವರ ಕೈಯಲ್ಲಿತ್ತು.

“ಆ ದಿನ ನೆನೆಸಿಕೊಂಡರೆ ಈಗ ಎಷ್ಟು ಕಷ್ಟವಾಗುತ್ತೆ ರಮಣಪ್ಪನವರೇ? ಸೊನ್ನೆಯಿಂದ ಹತ್ತರೊಳಗೆ ಹೇಳಿ.”

“ಹನ್ನೆರಡು.”

“ಮೈಯಲ್ಲಿ ಎಲ್ಲಿ?”

“ಬಲಗಾಲಲ್ಲಿ ಮೇಡಂ. ತೊಡೆಯಿಂದ ಕೆಳಕ್ಕೆ ಸೆಳೀತೈತೆ.”

ಕಡ್ಡಿಯ ತುದಿ ನಿಧಾನವಾಗಿ ಎಡಕ್ಕೆ ಹೊರಟಿತು. ನಾನು ಸಾವಿರ ಸಲ ಮಾಡಿದ ಕೆಲಸವೇ. ಆದರೆ ನಮಗೆ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ತಿಳಿದರೆ ಸಾಕು, ಅಲ್ಲಿಂದ ಮುಂದೆ ಹೋಗುತ್ತೇವೆ. ಅವರು ಅದು ನಿಂತಲ್ಲೇ ತಾವೂ ನಿಂತರು. ಎಡಗಡೆ, ಹುಬ್ಬಿನ ಮಟ್ಟದಿಂದ ತುಸು ಮೇಲೆ. ರೆಪ್ಪೆ ಬಡಿಯಿತು. “ಇಲ್ಲೇ ನೋಡ್ತಾ ಇರಿ. ಏನು ಬರುತ್ತೋ ಬರಲಿ. ನಾನು ಇಲ್ಲೇ ಇದೀನಿ. ಸಾಕು ಅನ್ನಿಸಿದರೆ ಕೈ ಎತ್ತಿ” ಎಂದು ಹೇಳಿ ಸುಮ್ಮನಾದರು.

ರಮಣಪ್ಪನ ಬಲಗಾಲು ನಡುಗಿತು, ನಿಂತಿತು, ಮತ್ತೆ ನಡುಗಿತು. ಆಮೇಲೆ ಆ ಕಾಲು ಕುರ್ಚಿಯಿಂದ ಪಕ್ಕಕ್ಕೆ, ಬಾಗಿಲ ಕಡೆಗೆ ಚಾಚಿತು. ಅವನು ಅಳತೊಡಗಿದ.

“ಕಾಲು ಹೊರಗಿಟ್ಟಿದ್ದೆ ಮೇಡಂ. ಬಾಗಿಲು ತೆಗೆದು ಕಾಲು ಹೊರಗಿಟ್ಟಿದ್ದೆ. ಹಿಂದೆ ಏಳು ಜನ ಕಣ್ಣಿಲ್ಲದೋರು. ಸಾಮಿ ಪಕ್ಕದಲ್ಲಿ. ಎಲ್ಲರನ್ನೂ ಬಿಟ್ಟು ನೆಗೆದುಬಿಡೋಣ ಅಂತ...”

ಕಡ್ಡಿಯ ತುದಿ ಅಲುಗಲಿಲ್ಲ.

“ಆವಮ್ಮ ಊರು ಬಂತಾ ಅಂತ ಕೇಳಿದ್ಲು. ಕಾಲು ಒಳಗೆಳ್ಕೊಂಡೆ.” ಉಸಿರು ಬಿಟ್ಟು, “ಒಳಗೆಳ್ಕೊಂಡೆ” ಎಂದು ಇನ್ನೊಮ್ಮೆ ಹೇಳಿದ. ಈಗ ಎಷ್ಟು ಎಂದು ಮೇಡಂ ಕೇಳಿದರು. “ಐದು. ನೀರು ಬೇಕು” ಎಂದ.

ಅಂದು ನಾನು ನನ್ನ ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಇನ್ನೊಂದು ತಪ್ಪು ಮಾಡಿದೆ. ಮುಂದಿನ ಸೋಮವಾರ ಶ್ರೀನಿವಾಸಪುರದ ಶಿಬಿರಕ್ಕೆ, ಮಾವಿನ ಮರದಿಂದ ಬಿದ್ದು ಬದುಕಿ ಉಳಿದಿದ್ದ ಕಾಯಿ ಕೀಳುವವನೊಬ್ಬ ಬಂದ. ಪೆನ್ನು ಮೇಲಕ್ಕೆ ಒಯ್ದಾಗ ಅವನ ಕಣ್ಣು ತಡೆಯಿತು. ಮೇಡಂ ಮಾಡಿದ ಹಾಗೆ ನಾನೂ ಪೆನ್ನನ್ನು ಅಲ್ಲೇ ಹಿಡಿದು ನಿಂತೆ. ಒಂದೇ ನಿಮಿಷದಲ್ಲಿ ಅವನು ಏದುಸಿರು ಬಿಡುತ್ತ ಬೆಂಚಿನಿಂದ ಕೆಳಗೆ ಜಾರಿದ. ಶುರುಮಾಡಲು ಬಂತು, ನಿಲ್ಲಿಸಲು ಬರಲಿಲ್ಲ. ಅವನ ಅಕ್ಕ ಓಡಿಬಂದು ಮುಖಕ್ಕೆ ನೀರು ಚಿಮುಕಿಸಿ, ಅಪ್ಪಿ ಹಿಡಿದು ಕೂರಿಸಿದಳು. “ಕಣ್ಣು ನೋಡಪ್ಪಾ ಅಂತ ಕರ್ಕೊಂಬಂದ್ರೆ ಪ್ರಾಣ ತೆಗೀತೀಯಲ್ಲಯ್ಯಾ!” ಎಂದಳು. ಅರ್ಧ ಗಂಟೆಯಲ್ಲಿ ಅವನು ಸುಧಾರಿಸಿಕೊಂಡ.

ಲಲಿತಾ ಮೇಡಂ ಯಾರನ್ನೂ ಗದರಿದ್ದು ನಾನು ನೋಡಿರಲಿಲ್ಲ. ನಡೆದದ್ದನ್ನು ನಾನೇ ಹೇಳಿದಾಗ, ಆ ಗುರುವಾರ ನೋಡಿದೆ. “ಇದು ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮಲ್ಲೇ ಇನ್ನೂ ವಾದ ಮುಗಿದಿಲ್ಲ. ನಾನು ವರ್ಷಗಟ್ಟಲೆ ಓದಿ, ತರಬೇತಿ ತಗೊಂಡು ಭಯಪಟ್ಟುಕೊಂಡು ಮಾಡ್ತೀನಿ. ಎಲ್ಲರಿಗೂ ಹಿಡಿಸೋದೂ ಇಲ್ಲ. ನೀವು ಒಂದು ದಿನ ಮೂಲೆಯಲ್ಲಿ ಕೂತು ನೋಡಿದಿರಿ. ನಿಮ್ಮದನ್ನೇ ಇನ್ನೂ ಮುಟ್ಟಿಲ್ಲ, ಬೇರೆಯವರದಕ್ಕೆ ಕೈ ಹಾಕ್ತೀರಾ?” ಈ ಮಾತನ್ನು ಹೊಸಬರು ಕಿವಿಯಲ್ಲಿಟ್ಟುಕೊಳ್ಳಬೇಕು. ಕಣ್ಣು ತಡೆದದ್ದನ್ನು ಗುರುತಿಸುವುದು ನಮ್ಮ ಕೆಲಸ. ಅಲ್ಲಿ ಕಾದು ಕೂರುವುದು ಅದನ್ನು ಕಲಿತವರ ಕೆಲಸ.

ಆಮೇಲೆ, ರಮಣಪ್ಪ ಕೂತಿದ್ದ ಅದೇ ಕುರ್ಚಿಯಲ್ಲಿ ನಾನು ಕೂತೆ. ನನ್ನದೂ ಎಡಗಡೆಯೇ, ಆದರೆ ರಮಣಪ್ಪನದಕ್ಕಿಂತ ಕೆಳಗೆ. ನಾನು ನೋಡಬೇಕಾದ ರೈಲು ಮೇಲಿತ್ತು. ನನ್ನ ಕಣ್ಣು ಕೆಳಗೆ, ತೊಡೆಯ ಮೇಲಿನ ಕಾರ್ಡು ಇದ್ದ ಮಟ್ಟದಲ್ಲಿ ಸಿಕ್ಕಿಕೊಂಡಿತ್ತು. ‘ಹೋಗು’ ಎಂದ ನನ್ನ ದನಿ ಕೇಳಿಸಿತು. ಮೇಡಂ ಕಡ್ಡಿಯನ್ನು ಅಲ್ಲೇ ಹಿಡಿದಿದ್ದರು. ರೈಲು ಬಂತು, ದೊಡ್ಡದಾಯಿತು, ಎಂದಿನ ಜಾಗದಲ್ಲಿ ನಿಂತಿತು. ಮತ್ತೆ ಬಂತು. ಎಷ್ಟು ಸಲವೋ ಗೊತ್ತಿಲ್ಲ. ಒಂದು ಸಲ ಅದು ನಿಲ್ಲದೆ ಮುಂದಕ್ಕೆ ಹೋಯಿತು. ಇಂಜಿನ್ನಿನ ಹಿಂದೆ ಡಬ್ಬಿಗಳು ಬಂದವು. ಕೊನೆಯ ಡಬ್ಬಿಯ ಬಾಗಿಲಲ್ಲಿ ಗಾರ್ಡು ನಿಂತು, ಮುಷ್ಟಿ ಎತ್ತಿ ಬೈಯುತ್ತ ಹೋಗುತ್ತಿದ್ದ. ಅವನನ್ನು ಆ ದಿನ ಹಿಂತಿರುಗಿ ನೋಡಿದ್ದೆ, ಪೂರ್ತಿ ಮರೆತಿದ್ದೆ. ನನಗೆ ಜೋರಾಗಿ ನಗು ಬಂತು. ನಗುತ್ತಲೇ ಅತ್ತೆ. ಬೈಯಬೇಕಾದವನು ಬೈದು ಮುಗಿಸಿದ್ದ, ನಾನು ಆರೇಳು ವರ್ಷ ಬೈಸಿಕೊಳ್ಳಲು ಕಾಯುತ್ತ ಕೂತಿದ್ದೆ.

ಹೊರಗೆ ಬೆಂಚಿನ ಮೇಲೆ ರಮಣಪ್ಪ ಇದ್ದ. ಪಕ್ಕದಲ್ಲಿ ಕೂತು, “ಅವತ್ತು ನಾನು ನೋಡಲಿಲ್ಲ ರಮಣಪ್ಪ. ತಲೆ ಎತ್ತದೇನೇ ಹೋಗು ಅಂದೆ” ಎಂದೆ.

“ಗೊತ್ತು ಸಾಮಿ.”

“ಗೊತ್ತಾ?”

“ನಿಮ್ ಪೆನ್ನು ನಿಲ್ಲಲೇ ಇಲ್ಲವಲ್ಲ. ನೀವು ಬರೀತಾನೇ ಹೋಗು ಅಂದ್ರಿ. ನೀವು ನೋಡಿಲ್ಲ ಅಂತ ಗೊತ್ತಿದ್ದೂ ಗಾಡಿ ಎತ್ತಿದೋನು ನಾನು. ಹಸಿವಾಗಿತ್ತು.” ಆಮೇಲೆ ತಿರುಗಿ, ಎಡಕ್ಕೆ ಕೂತಿದ್ದ ನನ್ನನ್ನು ನೋಡಿ ಹೇಳಿದ: “ಇದನ್ನ ಮನಸ್ಸಲ್ಲಿ ಮುಚ್ಚಿಟ್ಕೊಂಡಿರೋ ಕಳ್ಳ ನಾನೊಬ್ಬನೇ ಅಂದ್ಕೊಂಡಿದ್ದೆ. ಜೊತೆಗೆ ಒಬ್ರು ಇದಾರಲ್ಲ, ಬಿಡಿ.”

ರಮಣಪ್ಪ ಇನ್ನೂ ಎರಡು ಗುರುವಾರ ಮೇಡಂ ಹತ್ತಿರ ಹೋದ. ತಿಂಗಳು ಮುಗಿಯುವ ಹೊತ್ತಿಗೆ ದೊಡ್ಡ ಡಾಕ್ಟ್ರು ಪರೀಕ್ಷೆ ಮಾಡಿದರು. ನನ್ನಿಂದ ಮಾಡಿಸಲಿಲ್ಲ, ಅದು ಸರಿಯೇ. ಪೆನ್ನು ಎಡ ತುದಿಗೆ ಹೋಯಿತು, ಕಣ್ಣು ಅದರ ಜೊತೆ ಹೋಯಿತು. ಡಾಕ್ಟ್ರು ಕಾರ್ಡಿಗೆ ಸಹಿ ಹಾಕಿ, “ನಾಳೆ ಮಾಲೂರು. ನೆಟ್ಟಗಿರೋ ದಾರಿಯಲ್ಲಿ ಹೋಗು” ಎಂದಷ್ಟೇ ಹೇಳಿದರು.

ನಾನು ಮುಂದಿನ ಸೀಟಿಗೆ ಬಂದೆ. ಆ ಕಲ್ಲುಕಂಬಗಳ ಮುಂದೆ ಅವನು ವ್ಯಾನ್ ನಿಲ್ಲಿಸಿ, ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡ. ಇಬ್ಬರೂ ಇಳಿದು ಕಂಬಿಯ ಹತ್ತಿರಕ್ಕೆ ನಡೆದೆವು. ಎಡಗಡೆ, ದೂರದಲ್ಲಿ, ರೈಲು ಬರುತ್ತಿತ್ತು. ರಮಣಪ್ಪ ನನ್ನ ರಟ್ಟೆ ಹಿಡಿದುಕೊಂಡ. ಧೈರ್ಯ ಕೊಡುವುದಕ್ಕೋ ತೆಗೆದುಕೊಳ್ಳುವುದಕ್ಕೋ ತಿಳಿಯಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತೆವು. ಇಂಜಿನ್ ಬಂತು, ಹೋಯಿತು. ಡಬ್ಬಿಗಳು ಒಂದೊಂದಾಗಿ ಹೋದವು. ವ್ಯಾನಿನೊಳಗಿನಿಂದ ಯಾರೋ, “ಏನ್ ಸಾಮಿ ಅಲ್ಲಿ, ಎಷ್ಟೊತ್ತು?” ಎಂದು ಕೂಗಿದರು.

“ರೈಲು ಹೋಗ್ತಾ ಐತೆ, ಇರಮ್ಮ” ಎಂದು ರಮಣಪ್ಪ ಕೂಗಿ ಹೇಳಿದ. ಕೊನೆಯ ಡಬ್ಬಿ ದಾಟಿ, ಸದ್ದು ಅಡಗಿ, ಕಂಬಿಯ ನಡುಕ ನಿಲ್ಲುವವರೆಗೂ ನಾವು ಅಲ್ಲೇ ನಿಂತಿದ್ದೆವು. ಅವನು ಹೋಗಿ ವ್ಯಾನ್ ಹತ್ತಿದ. ನಾನು ಕಂಬಿಯ ಮೇಲೆ ನಿಂತು ಬಲಕ್ಕೆ ನೋಡಿದೆ, ಎಡಕ್ಕೆ ಇನ್ನೊಮ್ಮೆ ನೋಡಿದೆ, ಕೈ ಬೀಸಿದೆ.